ಭುಜ ಎಳೆಯೋ ಭೀಮರಿಗೆ

ಕಬಡ್ಡಿ ಬಿಡು ಅಂತ ನಾನು ಹೇಳೋನಲ್ಲ ಮಗಾ. ಆಡು, ಬೀಳು, ಮೈಗೆ ಮಣ್ಣು ಮೆತ್ತಿಕೋ. ನನ್ನ ತಕರಾರೆಲ್ಲ ಬಿದ್ದ ಮೇಲೆ ನೀವು ತೋರಿಸೋ ಭೀಮಬಲದ ಮೇಲೆ. ಒಬ್ಬನ ಭುಜ ಜಾರಿತು ಅಂದರೆ ಸಾಕು, ಇನ್ನೊಬ್ಬ ಅವನ ಕಂಕುಳಿಗೆ ಕಾಲು ಕೊಟ್ಟು ಕೈ ಜಗ್ಗೋಕೆ ಕೂತುಬಿಡ್ತಾನೆ. ಆ ಪಟ್ಟು ಗ್ರೀಸಿನ ಹಿಪೊಕ್ರಟಿಸ್ ಕಾಲದ್ದು, ಒಪ್ಪಿದೆ. ನಿನ್ನ ಗೆಳೆಯ ಮೊಬೈಲಲ್ಲಿ ಎರಡು ವಿಡಿಯೊ ನೋಡಿದೋನು, ಅಷ್ಟೇ.

ಭುಜದ ಕೀಲು ಅಂದರೆ ತಟ್ಟೆ ಮೇಲಿಟ್ಟ ನಿಂಬೆಹಣ್ಣು. ಗುಳಿ ಆಳವಿಲ್ಲ. ಅದಕ್ಕೇ ಕೈ ಎತ್ತ ಬೇಕಾದರೂ ತಿರುಗುತ್ತೆ, ಅದಕ್ಕೇ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜಾರೋದೂ ಅದೇ. ಬರೀ ಜಾರಿದ್ದರೆ ಅದೊಂದು ಕಥೆ. ಎಷ್ಟೋ ಸಲ ಜಾರೋ ಭರಕ್ಕೆ ತೋಳಿನ ಮೂಳೆಯ ತಲೆಯಿಂದ ಒಂದು ಚೂರು ಕಿತ್ತು ಬಂದಿರುತ್ತೆ, ಕೆಲವೊಮ್ಮೆ ಅದರ ಕತ್ತಿನಲ್ಲಿ ಕಣ್ಣಿಗೆ ಕಾಣದ ಬಿರುಕೂ ಬಿಟ್ಟಿರುತ್ತೆ. ಹೊರಗಿನಿಂದ ನೋಡಿದರೆ ಒಂದೂ ಗೊತ್ತಾಗಲ್ಲ. ಜಗ್ಗಿದೆಯೋ, ಬಿರುಕು ಹೋಗಿ ಪೂರ್ತಿ ಮುರಿತ. ಒಂದು ಇಂಜೆಕ್ಷನ್ ಕೊಟ್ಟು ಕೂರಿಸಿ ಕಳಿಸಬಹುದಾಗಿದ್ದ ಭುಜಕ್ಕೆ ಆಮೇಲೆ ಪ್ಲೇಟು, ಸ್ಕ್ರೂ. ಮೊದಲು ಎಕ್ಸ್‌ರೇ, ಎಳೆಯೋದೇನಿದ್ದರೂ ಆಮೇಲೆ.

ಅಲ್ಲಿವರೆಗೆ ಕೈ ಹೇಗಿದೆಯೋ ಹಾಗೇ ಒಂದು ಟವಲ್ಲಿನಲ್ಲಿ ಕತ್ತಿಗೆ ಜೋಲಿ ಕಟ್ಟು. ತೋಳಿನ ಹೊರಮೈ, ಅದೇ ಸ್ಕೂಲಲ್ಲಿ ಸೂಜಿ ಚುಚ್ಚುತ್ತಿದ್ದ ಜಾಗ, ಮೆಲ್ಲಗೆ ಸವರಿ ‘ಗೊತ್ತಾಗ್ತಿದೆಯಾ?’ ಅಂತ ಕೇಳು. ಜೋಮು ಹಿಡಿದಂತಿದೆ ಅಂದರೆ ಅಲ್ಲಿ ಸುತ್ತಿಹೋಗೋ ನರಕ್ಕೆ ಪೆಟ್ಟಾಗಿರಬಹುದು, ಡಾಕ್ಟರಿಗೆ ಮೊದಲು ಅದನ್ನೇ ಹೇಳು. ಇನ್ನು ಅತ್ತೆಯೋ ಚಿಕ್ಕಮ್ಮನೋ ಕಾಫಿ ಲೋಟ ಹಿಡಿದು ಓಡಿಬರ್ತಾರೆ. ಬೇಡ ಅನ್ನು. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿಯಿರಬೇಕು.

ಮಣಿಕಟ್ಟು ಇದಕ್ಕಿಂತ ಕಳ್ಳ. ಎಂಟು ಪುಟ್ಟ ಮೂಳೆ, ಅಂಗೈ ಊರಿ ಬಿದ್ದರೆ ಎಲ್ಲ ಭಾರ ಅವುಗಳ ಮೇಲೆ. ನೀವು ‘ಉಳುಕು’ ಅಂತೀರಿ, ಅಮೃತಾಂಜನ ತಿಕ್ಕಿ ಮಾರನೇ ದಿನ ಬೈಕ್ ಹತ್ತುತೀರಿ. ಹೆಬ್ಬೆರಳು ಮೇಲೆತ್ತಿ ನೋಡು, ಬುಡದಲ್ಲೊಂದು ಗುಳಿ ಬೀಳುತ್ತಲ್ಲ, ನಾನು ನಶ್ಯ ಹಾಕಿಕೊಳ್ಳೋ ಜಾಗ. ಅಲ್ಲಿ ಒತ್ತಿದಾಗ ಜೀವ ಹೋದಂತಾದರೆ ಒಳಗಿನ ಸ್ಕೇಫಾಯ್ಡ್ ಮೂಳೆ ಮುರಿದಿರಬಹುದು. ಅದು ಮಹಾ ಸೋಗಲಾಡಿ, ಮೊದಲ ಎಕ್ಸ್‌ರೇಗೆ ಎಷ್ಟೋ ಸಲ ಸಿಕ್ಕೋದೇ ಇಲ್ಲ. ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ಬಾ ಅಂದರೆ ಡಾಕ್ಟರು ದುಡ್ಡಿಗೆ ಕರೀತಾರೆ ಅಂದುಕೋಬೇಡ. ಆ ಮೂಳೆಗೆ ರಕ್ತ ಹೋಗೋದೇ ಕಷ್ಟದ ದಾರೀಲಿ. ಅಸಡ್ಡೆ ಮಾಡಿದರೆ ಒಂದು ತುಂಡು ಒಳಗೇ ಸಾಯುತ್ತೆ. ಆ ಮುರಿತದ ಜೊತೆಗೇ ಪಕ್ಕದ ಮೂಳೆಗಳು ಜಾಗ ಬಿಟ್ಟಿದ್ದರಂತೂ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಡಬಹುದು. ಪಕ್ಕದಿಂದ ತೆಗೆದ ಎಕ್ಸ್‌ರೇ ಸರಿಯಾಗಿ ನೋಡದಿದ್ದರೆ ಆಸ್ಪತ್ರೇಲೂ ಇದು ಕಣ್ಣು ತಪ್ಪಿಸುತ್ತೆ.

ಬಿದಿರು ದಬ್ಬೆ ಬಿಗಿದು ಕಟ್ಟಿಸಿಕೊಂಡು ಬರೋರನ್ನೂ ನೋಡಿದ್ದೀನಿ. ಮೂಳೆ ಮುರಿದು ಕೀಲೂ ಜಾರಿದ ಕೈ ಊದಿಕೊಳ್ತಾ ಹೋಗುತ್ತೆ, ದಬ್ಬೆ ಅದಕ್ಕೆ ಜಾಗ ಬಿಡಬೇಕಲ್ಲ! ಬೆರಳು ನೀಲಿಯಾದರೆ, ತಣ್ಣಗಾದರೆ, ಬೆರಳು ನೀಟಿದಾಗ ತಡೆಯಲಾರದ ನೋವಾದರೆ ಬೆಳಗಿನವರೆಗೆ ಕಾಯಬೇಡ, ರಾತ್ರೀನೇ ಹೊರಡು. ಹಾಂ, ಬಿದ್ದ ತಕ್ಷಣ ನಿಶ್ಚಿತಾರ್ಥದ ಉಂಗುರ ಬಿಚ್ಚಿ ಜೇಬಿಗೆ ಹಾಕು. ಕೈ ಊದಿಕೊಂಡ ಮೇಲೆ ಅದನ್ನ ಕತ್ತರಿಸಿಯೇ ತೆಗೀಬೇಕಾಗುತ್ತೆ, ಹುಡುಗಿಗೆ ಉತ್ತರ ಹೇಳೋನು ನೀನೇ.