ಟ್ಯಾಂಕರ್ ತಡವಾದ ದಿನ

ಎರಡು ಆಫರ್ ಲೆಟರ್‌ಗಳು ಒಂದೇ ವಾರದಲ್ಲಿ ಬಂದವು. ಒಂದರಲ್ಲಿ ತಿಂಗಳಿಗೆ 2,10,000 ರೂಪಾಯಿ, ಇನ್ನೊಂದರಲ್ಲಿ 1,55,000. ಎರಡೂ ಸಣ್ಣ ಊರುಗಳಿಗೆ ಎಟಿಆರ್ ವಿಮಾನ ಹಾರಿಸುವ ಪ್ರಾದೇಶಿಕ ಏರ್‌ಲೈನ್‌ಗಳು, ಎರಡರಲ್ಲೂ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಹುದ್ದೆ. ನನಗಾಗ 39 ವರ್ಷ. ಹದಿನಾಲ್ಕು ವರ್ಷ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ತುಮಕೂರು ರಸ್ತೆಯಲ್ಲಿದ್ದ ಸೈಟು ಮಾರಿ ತರಬೇತಿ ಮುಗಿಸಿ, ಲೈಸೆನ್ಸ್ ಕೈಗೆ ಬಂದ ಮೇಲೆ ಹತ್ತು ತಿಂಗಳು ಕೆಲಸವಿಲ್ಲದೆ ಕೂತಿದ್ದೆ. ದೊಡ್ಡ ಸಂಖ್ಯೆ ಇದ್ದ ಕಾಗದಕ್ಕೆ ಸಹಿ ಹಾಕಿದೆ. ನನ್ನ ಬದುಕಿನಲ್ಲಿ ಅಷ್ಟು ದುಬಾರಿ ಸಹಿ ಇನ್ನೊಂದಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಆಫೀಸಿಗೆ ಹೋಗುತ್ತಾ, ಜಕ್ಕೂರಿನಲ್ಲಿ ಇಳಿಯುವ ಪುಟ್ಟ ವಿಮಾನ ನೋಡಿ ಮನಸ್ಸನ್ನು ಅಲ್ಲೇ ಬಿಟ್ಟು ಬಂದವರು ಬೆಂಗಳೂರಿನಲ್ಲಿ ಬಹಳ ಮಂದಿ. ಮೂವತ್ತೈದು ದಾಟಿದ ಅಂಥವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ತರಬೇತಿಯ ಖರ್ಚು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: 200 ಗಂಟೆ ಹಾರಾಟ, ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಪರೀಕ್ಷೆಗಳು, ಹಾಸ್ಟೆಲ್ಲು, ಮಳೆಗಾಲದಲ್ಲಿ ಹಾರಲಾಗದೆ ಕಳೆದ ತಿಂಗಳುಗಳು ಎಲ್ಲ ಸೇರಿ 58 ಲಕ್ಷ ಆಯಿತು. ಎಟಿಆರ್ ಹಾರಿಸಲು ಬೇಕಾದ ಟೈಪ್ ರೇಟಿಂಗ್‌ಗೆ ಮತ್ತೆ 14 ಲಕ್ಷ. ಸೈಟಿನ ದುಡ್ಡು ಸಾಲದೆ ಮನೆಯ ಮೇಲೆ ಸಾಲ ಎತ್ತಿದೆ. ಆದರೆ ಆ 72 ಲಕ್ಷ ತಿರುಗಿ ಕೈಸೇರುತ್ತದೋ ಇಲ್ಲವೋ ಎಂಬುದು ನಿಂತಿರುವುದು ಫೋನ್ ಮಾಡುವವರು ಯಾರೂ ಕೇಳದ ಇನ್ನೊಂದು ಪ್ರಶ್ನೆಯ ಮೇಲೆ: ಮೊದಲು ಯಾವ ಏರ್‌ಲೈನ್ ಸೇರಬೇಕು? ದೊಡ್ಡ ಕಂಪನಿಗಳ ಕೆಡೆಟ್ ಯೋಜನೆಗಳಿಗೆ ವಯೋಮಿತಿ ಇರುವುದರಿಂದ ನಮ್ಮಂಥವರಿಗೆ ಹೆಚ್ಚಾಗಿ ಮೊದಲು ತೆರೆಯುವುದು ಪ್ರಾದೇಶಿಕ ಕಂಪನಿಯ ಬಾಗಿಲೇ. ಆ ಬಾಗಿಲಲ್ಲಿ ನಾನು ಎಡವಿದ್ದೆಲ್ಲಿ ಎಂದು ಬರೆಯುತ್ತಿದ್ದೇನೆ.

ಮೊದಲ ತಪ್ಪು ಓದುವುದರಲ್ಲೇ ಆಯಿತು. 2,10,000ದಲ್ಲಿ ಕಾಯಂ ಸಂಬಳ 90,000 ಮಾತ್ರ. ಉಳಿದ 1,20,000 ತಿಂಗಳಿಗೆ 70 ಗಂಟೆ ಹಾರಿದರೆ ಸಿಗುವ ಭತ್ಯೆ. ಹಾರದಿದ್ದರೆ ಇಲ್ಲ. 1,55,000 ಕೊಡುತ್ತೇವೆ ಎಂದ ಕಂಪನಿಯ ಕಾಗದದಲ್ಲಿ, ಎಷ್ಟೇ ಕಡಿಮೆ ಹಾರಿದರೂ 70 ಗಂಟೆಯ ಸಂಬಳ ಖಾತರಿ ಎಂಬ ಸಾಲು ಮೂರನೇ ಪುಟದಲ್ಲಿತ್ತು. ನಾನು ಮೊದಲ ಪುಟ ದಾಟಿರಲಿಲ್ಲ.

ನಾನು ಸೇರಿದ ಕಂಪನಿಗೆ ಇದ್ದದ್ದು ಮೂರು ವಿಮಾನ, ಮೂರೂ ಲೀಸ್‌ನವು. ನಾಲ್ಕು ತಿಂಗಳು ಚೆನ್ನಾಗಿ ಹಾರಿದೆವು. ಆಮೇಲೆ ಒಂದು ವಿಮಾನ ಬಿಡಿಭಾಗಕ್ಕಾಗಿ ಹ್ಯಾಂಗರ್ ಸೇರಿತು. ಅದರ ಭಾಗಗಳನ್ನೇ ಕಳಚಿ ಉಳಿದೆರಡಕ್ಕೆ ಹಾಕತೊಡಗಿದರು. ಐದನೇ ತಿಂಗಳ ಒಂದು ಮಧ್ಯಾಹ್ನ, ಸಣ್ಣ ಊರೊಂದರ ಏಪ್ರನ್‌ನಲ್ಲಿ ವಿಮಾನ ನಿಲ್ಲಿಸಿಕೊಂಡು ಇಂಧನಕ್ಕೆ ಕಾಯುತ್ತಿದ್ದೆವು. ಟ್ಯಾಂಕರ್ ನಮ್ಮ ಕಣ್ಣೆದುರಿಗೇ, ನೂರು ಅಡಿ ದೂರದಲ್ಲಿ ನಿಂತಿತ್ತು. ಬರಲಿಲ್ಲ. ಚಾಲಕ ಕೆಳಗಿಳಿದು ಟೈರಿನ ನೆರಳಲ್ಲಿ ಕೂತಿದ್ದ. ಕಾಕ್‌ಪಿಟ್ಟಿನೊಳಗೆ ಬಿಸಿಲು ಕಾಯಿಸುತ್ತಿತ್ತು, ಟರ್ಮಿನಲ್‌ನ ಗಾಜಿನಾಚೆ ಅರವತ್ತು ಪ್ರಯಾಣಿಕರು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಕ್ಯಾಪ್ಟನ್ ಹುಬ್ಬಳ್ಳಿಯವರು, ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವರು. ಡ್ಯೂಟಿಯಲ್ಲಿ ನಾನು ಅವರಿಗೆ ಕ್ಯಾಪ್ಟನ್ ಎನ್ನುತ್ತಿದ್ದೆ, ಮಿಕ್ಕ ಹೊತ್ತಿನಲ್ಲಿ ಅವರು ನನಗೆ ಅಣ್ಣಾರ ಎನ್ನುತ್ತಿದ್ದರು. ಎಣ್ಣೆ ಕಂಪನಿಯವರು ಸಾಲ ನಿಲ್ಲಿಸಿದ್ದಾರೆ, ದುಡ್ಡು ಜಮೆ ಆದ ಮೇಲಷ್ಟೇ ಎಣ್ಣೆ ಎಂದು ಕೆಳಗಿನಿಂದ ಗ್ರೌಂಡ್ ಸಿಬ್ಬಂದಿ ಹೇಳಿದಾಗ ಅವರು ಹೆಡ್‌ಸೆಟ್ ತೆಗೆದಿಟ್ಟು ಮೆಲ್ಲಗೆ ಹೇಳಿದರು: “ಅಣ್ಣಾರ, ಎಣ್ಣಿ ಗಾಡಿ ತಡಾ ಆತಂದ್ರ ಪಗಾರೂ ತಡಾ ಆಗ್ತೈತಿ ಅಂತ ತಿಳಕೊಳ್ರಿ. ನಾ ಇದನ್ನ ಒಮ್ಮೆ ನೋಡೇನಿ.”

ಐವತ್ತು ನಿಮಿಷ ಬಿಟ್ಟು ಟ್ಯಾಂಕರ್ ಬಂತು. ಆ ತಿಂಗಳ ಸಂಬಳ ಹನ್ನೊಂದು ದಿನ ತಡವಾಗಿ, ಎರಡು ಕಂತಿನಲ್ಲಿ ಬಂತು. ಮುಂದೆ ನನ್ನ ಹಾರಾಟ ತಿಂಗಳಿಗೆ 28 ಗಂಟೆಗೆ ಇಳಿಯಿತು. ಭತ್ಯೆ 48,000. ಒಟ್ಟು 1,38,000. ಅದೂ ಬಂದಾಗ ಬಂತು.

ಇದು ನನ್ನೊಬ್ಬನ ಕಥೆಯಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಎಟಿಆರ್ ವಿಮಾನಗಳಿಂದಲೇ ಸಣ್ಣ ಊರುಗಳ ಜನರನ್ನು ಆಕಾಶಕ್ಕೆ ಏರಿಸಿತು. 2008ರಲ್ಲಿ ಅದು ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ, ಸಂಬಳದಿಂದ ಮುರಿದುಕೊಂಡ ತೆರಿಗೆಯೂ ಸರ್ಕಾರಕ್ಕೆ ಸೇರಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಬೀದರಿಗೆ 2020ರ ಫೆಬ್ರವರಿಯಲ್ಲಿ ಮೊದಲ ವಿಮಾನ ತಂದ ಟ್ರೂಜೆಟ್ ಎರಡೇ ವರ್ಷದಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಆಸ್ತಿಯನ್ನು ಮಾರಿ ಸಾಲ ತೀರಿಸಿ ಎಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದು 2024ರ ನವೆಂಬರ್‌ನಲ್ಲಿ, ಅಂದರೆ ಕೊನೆಯ ವಿಮಾನ ಇಳಿದು ಐದೂವರೆ ವರ್ಷದ ನಂತರ. ಇಪ್ಪತ್ತೈದರ ಹುಡುಗ ಅಷ್ಟು ದಿನ ಕಾಯಬಲ್ಲ. ನಲವತ್ತರವನಿಗೆ ಮಗಳ ಫೀಸು, ತಾಯಿಯ ಔಷಧಿ, ಮನೆಯ ಕಂತು ಕಾಯುವುದಿಲ್ಲ.

ತರಬೇತಿಯಲ್ಲಿ ನನ್ನ ಜೊತೆಗಿದ್ದ ಮಂಗಳೂರಿನ ಹುಡುಗಿಯೊಬ್ಬಳಿಗೂ ಇದೇ ಎರಡು ಕಂಪನಿಗಳಿಂದ ಕರೆ ಬಂದಿತ್ತು. ಅವಳು 1,55,000ದ ಕಂಪನಿ ಸೇರಿದಳು. ಯಾಕೆಂದು ಬಹಳ ದಿನ ಬಿಟ್ಟು ಕೇಳಿದೆ. ಅವಳ ತಂದೆ ಸಹಕಾರಿ ಸಂಘವೊಂದರ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಅವರು ನೌಕರರ ಭವಿಷ್ಯ ನಿಧಿ ಸಂಸ್ಥೆಯ (ಇಪಿಎಫ್‌ಒ) ವೆಬ್‌ಸೈಟಿನಲ್ಲಿ ಸಂಸ್ಥೆಗಳನ್ನು ಹುಡುಕುವ ಪುಟ ತೆರೆದು ಎರಡೂ ಕಂಪನಿಗಳ ಹೆಸರು ಹಾಕಿ ನೋಡಿದ್ದರು. ಅಲ್ಲಿ ಯಾವ ತಿಂಗಳ ಪಿಎಫ್ ಯಾವ ತಾರೀಖಿಗೆ ಜಮೆಯಾಯಿತು, ಎಷ್ಟು ಮೊತ್ತ, ಎಷ್ಟು ನೌಕರರಿಗೆ ಎಂಬುದೆಲ್ಲ ಕಾಣುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ಒಂದು ಕಂಪನಿ ಪ್ರತಿ ತಿಂಗಳೂ 13, 14ಕ್ಕೆ ಕಟ್ಟಿತ್ತು. ನಾನು ಸೇರಿದ ಕಂಪನಿ ಅದಾಗಲೇ ಎರಡು ತಿಂಗಳು ಹಿಂದಿತ್ತು, ನೌಕರರ ಸಂಖ್ಯೆಯೂ ಇಳಿಯುತ್ತಿತ್ತು. ನಾನು ಸಹಿ ಹಾಕುವ ಮುಂಚಿನ ಮಾತಿದು. ಮನೆಯಲ್ಲಿ ಕೂತು ಹತ್ತು ನಿಮಿಷದಲ್ಲಿ ನಾನೂ ನೋಡಬಹುದಿತ್ತು. ಹದಿನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತ ನನಗೆ ಹೊಳೆಯದ ಕೆಲಸವನ್ನು ಲೆಕ್ಕಪತ್ರದ ಮನುಷ್ಯರೊಬ್ಬರು ಮಾಡಿದ್ದರು. ಡಿಜಿಸಿಎ ಪ್ರತಿ ತಿಂಗಳು ಹೊರಡಿಸುವ ದೇಶೀಯ ಸಂಚಾರದ ವರದಿಯಲ್ಲಿ ಯಾವ ಕಂಪನಿಯ ಎಷ್ಟು ಸೀಟು ತುಂಬುತ್ತಿವೆ, ಎಷ್ಟು ಹಾರಾಟ ರದ್ದಾಗುತ್ತಿವೆ ಎಂಬುದೂ ಇರುತ್ತದೆ. ಈ ಎರಡನ್ನು ಒಂದು ವರ್ಷದ ಮಟ್ಟಿಗೆ ತೆಗೆದು ನೋಡಿದರೆ, ಎಚ್‌ಆರ್ ಬಾಯಿಂದ ಬಾರದ ಮಾತು ತಿಳಿಯುತ್ತದೆ.

ಇನ್ನು ಬಾಂಡಿನ ವಿಚಾರ. ನಾನು ಸೇರಿದ ಕಂಪನಿಯವರು ಮೂರು ವರ್ಷ ಬಿಟ್ಟು ಹೋಗುವಂತಿಲ್ಲ ಎಂದು ಬರೆಸಿಕೊಂಡು ಮುಂದಿನ ತಾರೀಖಿನ ಚೆಕ್ಕುಗಳನ್ನು ಇಟ್ಟುಕೊಂಡಿದ್ದರು. ಸಂಬಳ ನಿಂತರೆ ಬಾಂಡ್ ಬಿದ್ದುಹೋಗುತ್ತದೆ ಎಂಬ ಒಂದು ಸಾಲು ಸೇರಿಸಿ ಎಂದು ನಾನು ಕೇಳಿರಲಿಲ್ಲ. ಕೇಳಬೇಕು. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಇದರ ಮೇಲೆ ಡಿಜಿಸಿಎಯ 2017ರ ನಿಯಮದಂತೆ ಫಸ್ಟ್ ಆಫೀಸರ್ 6 ತಿಂಗಳು, ಕ್ಯಾಪ್ಟನ್ 12 ತಿಂಗಳು ಮುಂಚಿತ ನೋಟಿಸ್ ಕೊಡಬೇಕು. ಅಂದರೆ ಕಂಪನಿ ಮುಳುಗುತ್ತಿದೆ ಎಂದು ಗೊತ್ತಾದ ದಿನದಿಂದ ಇನ್ನೂ ಅರ್ಧ ವರ್ಷ ಅಲ್ಲೇ ಇರಬೇಕು. ಆರು ತಿಂಗಳ ಖರ್ಚನ್ನು ತೆಗೆದಿಡಿ ಎಂದು ಹಣಕಾಸು ಅಂಕಣಗಳಲ್ಲಿ ಬರೆಯುತ್ತಾರೆ. ನಡುವಯಸ್ಸಿನಲ್ಲಿ ಪೈಲಟ್ ಆಗುವವರು ಹನ್ನೆರಡು ತಿಂಗಳದ್ದು ಇಡಬೇಕು. ಟೈಪ್ ರೇಟಿಂಗ್‌ಗೆ ದುಡ್ಡು ಕಟ್ಟಿದ ಮೇಲೂ ಅಷ್ಟು ಉಳಿಯುವುದಿಲ್ಲ ಎಂದಾದರೆ ಇನ್ನೊಂದು ವರ್ಷ ಹಳೆಯ ಕೆಲಸದಲ್ಲೇ ಇರಿ ಎಂದು ನಾನು ಹೇಳುತ್ತೇನೆ. ಲೈಸೆನ್ಸ್ ಕಳೆದುಕೊಂಡರೆ ಪರಿಹಾರ ಕೊಡುವ ವಿಮೆಯನ್ನು ಕಂಪನಿ ಮಾಡಿಸುತ್ತದೆಯೇ, ಎಷ್ಟು ಮೊತ್ತಕ್ಕೆ ಎಂಬುದನ್ನೂ ಕಾಗದದಲ್ಲೇ ಕೇಳಿ. ನಲವತ್ತರ ಮೇಲೆ ಇಸಿಜಿಯ ಒಂದು ಗೆರೆ ಸಾಕು, ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಕೈತಪ್ಪಲು.

ಉಡಾನ್ ಯೋಜನೆಯ ಮಾರ್ಗಗಳನ್ನು ನೆಚ್ಚಿಕೊಂಡ ಕಂಪನಿಯಾದರೆ ಇನ್ನೊಂದು ತಾರೀಖು ಕೇಳಿ. 2016ರಲ್ಲಿ ಘೋಷಣೆಯಾಗಿ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಶುರುವಾದ ಈ ಯೋಜನೆಯಲ್ಲಿ ಅರ್ಧದಷ್ಟು ಸೀಟುಗಳಿಗೆ ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಹಾಕಿ, ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುವ ಏರ್ಪಾಡು ಮಾಡಿದರು. ಯೋಜನೆ ಒಳ್ಳೆಯದೇ. ಕಲಬುರಗಿಯ ರೋಗಿಯೊಬ್ಬರು ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಇರುವುದನ್ನು ಕಂಡವರು ಅದರ ಬಗ್ಗೆ ಹಗುರವಾಗಿ ಮಾತಾಡಲಾರರು. ಆದರೆ ಮೂರು ವರ್ಷ ತುಂಬಿದ ಮೇಲೆ ಆ ಮಾರ್ಗ ಸ್ವಂತ ಕಾಲ ಮೇಲೆ ನಿಲ್ಲಬೇಕು. ನಿಮ್ಮ ಬೇಸ್‌ನಿಂದ, ಅಂದರೆ ಕಂಪನಿ ನಿಮ್ಮನ್ನು ಇರಿಸುವ ಊರಿನಿಂದ, ಹೊರಡುವ ಮಾರ್ಗಗಳಿಗೆ ಆ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿ, ಅದನ್ನು ನಿಮ್ಮ ಬಾಂಡಿನ ಕೊನೆಯ ತಾರೀಖಿನ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಬೇಸ್ ಎಲ್ಲಿ ಎಂಬುದೂ ಸಂಬಳದ ಭಾಗವೇ. ನನ್ನದು ಬೇರೆ ರಾಜ್ಯದಲ್ಲಿತ್ತು. ಅಲ್ಲಿನ ಬಾಡಿಗೆ 22,000, ಮನೆಗೆ ಬಂದುಹೋಗುವ ಖರ್ಚು ತಿಂಗಳಿಗೆ 15,000. ಎರಡು ಆಫರ್‌ಗಳ ನಡುವಿನ 55,000ದ ಅಂತರದಲ್ಲಿ 37,000 ಇಲ್ಲೇ ಕರಗಿತು. ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಮನೆ ಬೇಸ್‌ನ ಊರಲ್ಲೇ ಇದ್ದರೆ ಅದು ಎರಡು ಪೂರ್ತಿ ದಿನ. ಇಲ್ಲದಿದ್ದರೆ ಒಂದು ದಿನ ವಿಮಾನ ನಿಲ್ದಾಣಗಳ ಬೆಂಚಿನ ಮೇಲೆ ಕಳೆಯುತ್ತದೆ.

ಎಂಟನೇ ತಿಂಗಳು ನೋಟಿಸ್ ಕೊಟ್ಟೆ, ಹದಿನಾಲ್ಕನೇ ತಿಂಗಳು ಹೊರಬಂದೆ. ಕೊನೆಯ ಮೂರು ತಿಂಗಳ ಸಂಬಳ ಬರಲಿಲ್ಲ. 1,55,000ದ ಕಂಪನಿಗೇ ಮತ್ತೆ ಅರ್ಜಿ ಹಾಕಿದೆ, ದೊಡ್ಡ ಮನಸ್ಸು ಮಾಡಿ ತೆಗೆದುಕೊಂಡರು. ಆದರೆ ಏರ್‌ಲೈನ್‌ನಲ್ಲಿ ಸೀನಿಯಾರಿಟಿ ಸೇರಿದ ದಿನದಿಂದ. ಹಳೆಯ ಅನುಭವ ಪಟ್ಟಿಯಲ್ಲಿ ಮೇಲೇರಿಸುವುದಿಲ್ಲ. ಮೊದಲ ಸಲವೇ ಒಪ್ಪಿದ್ದರೆ ನನ್ನ ಹಿಂದೆ ಇರುತ್ತಿದ್ದ 41 ಜನ ಈಗ ನನ್ನ ಮುಂದಿದ್ದರು.

ಎಟಿಪಿಎಲ್ ಲೈಸೆನ್ಸ್‌ಗೆ ಕನಿಷ್ಠ 1,500 ಗಂಟೆಯ ಹಾರಾಟ ಬೇಕು, ಅದಿಲ್ಲದೆ ಕ್ಯಾಪ್ಟನ್ ಆಗುವಂತಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ನನ್ನ ಲಾಗ್‌ಬುಕ್‌ಗೆ ಸೇರಿದ್ದು 520 ಗಂಟೆ. ಮಂಗಳೂರಿನ ಹುಡುಗಿಯ ಲಾಗ್‌ಬುಕ್‌ಗೆ 910. ಗಂಟೆಯೂ ಹಿಂದೆ, ಪಟ್ಟಿಯಲ್ಲೂ ಹಿಂದೆ. ಅವಳು ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿಗೆ ಹೋಗಿ 22 ತಿಂಗಳಾದ ಮೇಲೆ ನನ್ನ ಸರದಿ ಬಂತು. ನಮ್ಮಲ್ಲಿ ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಸಂಬಳದ ಅಂತರ ತಿಂಗಳಿಗೆ ಸುಮಾರು ಎರಡು ಲಕ್ಷ. ಅಲ್ಲಿಗೆ 44 ಲಕ್ಷ. ವರ್ಷಕ್ಕೆ 6,60,000 ಹೆಚ್ಚು ಸಿಗುತ್ತದೆ ಎಂದು ಕಳೆದುಕೊಂಡದ್ದು ಇಷ್ಟು. ಆಫರ್ ಬಂದಾಗ ಅವಳಿಗೆ 26 ವರ್ಷ, 65ಕ್ಕೆ ನಿವೃತ್ತಿ ಎಂದರೆ 39 ವರ್ಷದ ಸರ್ವಿಸ್. ನನಗಿದ್ದದ್ದು 26 ವರ್ಷ. ಅದರಲ್ಲಿ ಹೀಗೆ ಕಳೆದುಕೊಂಡ ತಿಂಗಳುಗಳು ಯಾವ ಎಫ್‌ಡಿಯಲ್ಲೂ ಮರಳುವುದಿಲ್ಲ.

ಹಾಸನದ ಬ್ಯಾಂಕ್ ಉದ್ಯೋಗಿಯೊಬ್ಬರು ಹೋದ ತಿಂಗಳು ಎರಡು ಆಫರ್ ಹಿಡಿದುಕೊಂಡು ಫೋನ್ ಮಾಡಿದ್ದರು. ಅವರಿಗೆ 36. ಸಂಬಳ ಎಷ್ಟೆಂದು ನಾನು ಕೇಳಲಿಲ್ಲ. ಎರಡೂ ಕಂಪನಿಯಲ್ಲಿ ಎರಡು ವರ್ಷದ ಹಿಂದೆ ಸೇರಿದ ಒಬ್ಬೊಬ್ಬ ಫಸ್ಟ್ ಆಫೀಸರ್‌ನನ್ನು ಹುಡುಕಿ, ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ, ಸಂಬಳ ಎಷ್ಟನೇ ತಾರೀಖಿಗೆ ಬಂತು ಎಂದು ಕೇಳಿ ಬನ್ನಿ ಎಂದೆ. ಈ ಅಂಕಣ ಓದುವ ನೀವೂ ಸಹಿ ಹಾಕುವ ಮುಂಚೆ ಅಷ್ಟನ್ನಾದರೂ ಮಾಡಿ. ನನ್ನ ಮೂರು ತಿಂಗಳ ಸಂಬಳ ಇವತ್ತಿನವರೆಗೂ ಬಂದಿಲ್ಲ.