ತೋಳು ನಿಮ್ಮದೇ ಆಗಿರಲಿ

ಮಕ್ಕಳೇ, ಸಂಜೆ ಮೈದಾನದಲ್ಲಿ ನಿಮ್ಮ ಆಟ ನೋಡುತ್ತಿರುತ್ತೇನೆ. ಒಬ್ಬ ಬೂಮ್ರಾನಂತೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಬಂದು, ಕೈಗಳನ್ನು ಕೋಲಿನಂತೆ ನೆಟ್ಟಗೆ ಚಾಚಿ ಚೆಂಡು ಹಾಕುತ್ತಾನೆ. ಇನ್ನೊಬ್ಬ ಮಾಲಿಂಗನ ಹಾಗೆ ತೋಳನ್ನು ಅಡ್ಡಡ್ಡ ಬೀಸುತ್ತಾನೆ. ಧಾರಾಳವಾಗಿ ಹಾಕಿ. ನಾವೂ ಅದನ್ನೇ ಮಾಡಿದವರು. ಆಗ ಆಟ ಕಿವಿಗೆ ಬೀಳುತ್ತಿದ್ದದ್ದು ರೇಡಿಯೋದಲ್ಲಿ, ಕಣ್ಣಿಗೆ ಸಿಗುತ್ತಿದ್ದದ್ದು ಪತ್ರಿಕೆಯ ಫೋಟೊದಲ್ಲಿ. ಕಪಿಲ್ ದೇವ್ ನೆಗೆದ ಆ ಒಂದು ಕ್ಷಣ ಕಾಗದದ ಮೇಲಿರುತ್ತಿತ್ತು. ಅದರ ಹಿಂದಿನ ಓಟ, ಮುಂದಿನ ಫಾಲೋ ಥ್ರೂ ಎರಡನ್ನೂ ನಾವೇ ಊಹಿಸಿಕೊಂಡು ಬೀದಿಯಲ್ಲಿ ಓಡಿ ಬರುತ್ತಿದ್ದೆವು.

ನಿಮಗೆ ಮೊಬೈಲಿನಲ್ಲಿ ಸ್ಲೋ ಮೋಷನ್ ಇದೆ, ಎಲ್ಲವೂ ಕಾಣುತ್ತದೆ. ಆದರೆ ಒಬ್ಬ ಬೌಲರ್ ಯಾಕೆ ಹಾಗೆ ಹಾಕುತ್ತಾನೆ ಅನ್ನುವುದು ಅದರಲ್ಲೂ ಕಾಣುವುದಿಲ್ಲ. ನಾನು ಹೇಳಬೇಕಾದ ಮಾತು ಅದೇ. ಬೌಲರನ ಆಕ್ಷನ್ ಹುಟ್ಟುವುದು ಅವನ ಮೈಯಿಂದ.

ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗಿನಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಆದರೆ ಲೆಗ್ ಸ್ಪಿನ್ನರುಗಳಲ್ಲಿ ಅಪರೂಪವಾದ ವೇಗದ ಗೂಗ್ಲಿ ಹೊರಡುತ್ತಿದ್ದದ್ದು ಆ ಬಲಗೈಯಿಂದಲೇ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದಕ್ಕಿತು. ಆ ತೋಳಿನ ಬೀಸನ್ನು ಬೇರೆ ಹುಡುಗ ಎಲ್ಲಿಂದ ತಂದಾನು?

ಅನಿಲ್ ಕುಂಬ್ಳೆ ಎತ್ತರದ ಆಳು, ಮೊದಲು ಮಧ್ಯಮ ವೇಗಿ. ಲೆಗ್ ಸ್ಪಿನ್ನಿಗೆ ಬಂದ ಮೇಲೂ ಆ ವೇಗವನ್ನು, ಪುಟಿತವನ್ನು ಬಿಟ್ಟುಕೊಡಲಿಲ್ಲ. ಚೆಂಡು ತಿರುಗುವುದೇ ಇಲ್ಲವೆಂದು ಆಡಿಕೊಂಡವರು ಬಹಳ. ಚೆಂಡು ಹೆಚ್ಚು ತಿರುಗಿಸುವವರನ್ನು ನೋಡಿ ಅವರು ತಮ್ಮ ಕೈ ಬದಲಿಸಿಕೊಳ್ಳಲಿಲ್ಲ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್, ನಿವೃತ್ತಿಯ ಹೊತ್ತಿಗೆ ಟೆಸ್ಟಿನಲ್ಲಿ 619.

ಬೂಮ್ರಾನ ಮೊಣಕೈ ಸಹಜವಾಗಿಯೇ ಹಿಂದಕ್ಕೆ ಬಾಗುವಂಥದ್ದು. ನಿಮ್ಮದು ಹಾಗಿಲ್ಲದೆ ಅವನ ಹಾಗೆ ಹಾಕಹೋದರೆ ತೋಳು ಮಡಚಿ ಬಿಚ್ಚಿಕೊಂಡೀತು; 15 ಡಿಗ್ರಿ ದಾಟಿದರೆ ಅದು ಥ್ರೋ. ಆ ಆಕ್ಷನ್ನಿನ ಒಡೆಯನೇ 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನ್ನುವುದೂ ಗೊತ್ತಿರಲಿ. ಸೊಂಟ ಒಂದು ದಿಕ್ಕು, ಭುಜ ಒಂದು ದಿಕ್ಕು ತಿರುಚಿಕೊಂಡರೆ ಎಳೆಯ ಬೆನ್ನುಮೂಳೆ ಸೀಳು ಬಿಡಬಹುದು. ಡೆನಿಸ್ ಲಿಲ್ಲಿಯಂಥ ವೇಗಿಗೂ 1973ರಲ್ಲಿ ಹಾಗಾಯಿತು. ಆತ ಆಕ್ಷನ್ ತಿದ್ದಿಕೊಂಡು ಮರಳಿ ಬಂದ. ಮುಂದೆ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್ನಿನಲ್ಲಿ ನಮ್ಮ ಹುಡುಗರಿಗೆ ಗುರುವಾದ. ಅಲ್ಲಿ ಕಲಿತವರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಒಬ್ಬರು.

ಹಾಗಾದರೆ ದೊಡ್ಡವರಿಂದ ತೆಗೆದುಕೊಳ್ಳುವುದೇನು? ಯೋಚನೆಯನ್ನು ತೆಗೆದುಕೊಳ್ಳಿ. ಎರಪಳ್ಳಿ ಪ್ರಸನ್ನ ಚೆಂಡನ್ನು ಬ್ಯಾಟ್ಸ್‌ಮನ್ನಿನ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿಸಿ, ಇನ್ನೇನು ಸಿಕ್ಕಿತು ಎಂದು ಅವನು ಮುಂದೆ ಬಂದಾಗ ಕೈಗೆಟುಕದ ಹಾಗೆ ಇಳಿಸುತ್ತಿದ್ದರು. ವೆಂಕಟೇಶ್ ಪ್ರಸಾದ್ ಓಟದ ವೇಗ, ತೋಳಿನ ವೇಗ ಹಾಗೇ ಇಟ್ಟು ಬೆರಳಲ್ಲಿ ಚೆಂಡನ್ನು ಕೊರೆದು ನಿಧಾನ ಮಾಡುತ್ತಿದ್ದರು. ಇದಕ್ಕೆ ಅವರ ಮೈಕಟ್ಟು ಬೇಕಿಲ್ಲ. ನಿಮ್ಮ ಕೈಯಲ್ಲೇ ಕಲಿಯಬಹುದು.

ಬೀದಿಯ ಆಟದಲ್ಲಿ ದಿನಕ್ಕೊಬ್ಬರಂತೆ ಹಾಕಿ, ನಗಿ, ನಗಿಸಿ. ನೆಟ್ಸಿಗೆ ಹೋದಾಗ ಮಾತ್ರ ನಿಮ್ಮ ಮೈಗೆ ಸಲೀಸಾಗಿ ಬರುವ ಓಟವನ್ನೇ ಓಡಿ. ನಿಮ್ಮದೇ ವಿಡಿಯೊ ತೆಗೆಸಿ ಕೋಚ್‌ಗೆ ತೋರಿಸಿ. ಬೆನ್ನು ನೊಂದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ, ಅವತ್ತೇ ಚೆಂಡು ಕೆಳಗಿಡಿ. ಎರಡನೆಯ ಬೂಮ್ರಾನನ್ನು ಯಾವ ತಂಡವೂ ಹುಡುಕುತ್ತಿಲ್ಲ. ಎಲ್ಲ ತಂಡವೂ ಹುಡುಕುತ್ತಿರುವುದು ಎದುರಿನ ಬ್ಯಾಟ್ಸ್‌ಮನ್ ಇದುವರೆಗೆ ನೋಡಿರದ ಬೌಲರನ್ನು. ಆ ಬೌಲರ್ ನೀವಾಗಿ.