ಪ್ರಾದೇಶಿಕ ಯೋಜನೆ: ತತ್ತ್ವ ಮತ್ತು ಪ್ರಯೋಗ
(ನವಿ ಮುಂಬಯಿಯ ನಿದರ್ಶನ)

ಒಂದು ಪ್ರದೇಶದ ನೆಲ, ನೀರು, ಉದ್ಯೋಗ, ವಸತಿ, ಸಂಚಾರ ಇವುಗಳನ್ನು ಬಿಡಿಬಿಡಿಯಾಗಿ ನೋಡದೆ, ಒಂದೇ ವ್ಯವಸ್ಥೆಯ ಅಂಗಗಳೆಂದು ಭಾವಿಸಿ ಅವುಗಳ ಬೆಳವಣಿಗೆಗೆ ದಿಕ್ಕು ತೋರುವ ಪ್ರಯತ್ನವೇ ಪ್ರಾದೇಶಿಕ ಯೋಜನೆ. ಇದು ಅರ್ಥಶಾಸ್ತ್ರ ಮತ್ತು ಭೂಗೋಳಗಳಿಗೆ ಸೇರಿದ ವಿಷಯವೆಂಬ ಭಾವನೆ ರೂಢಿಯಲ್ಲಿದೆ. ಆದರೆ ‘ಪ್ರದೇಶ’ ಎಂದರೇನು ಎಂಬ ಪ್ರಶ್ನೆ ಭಾಷೆ, ಸಂಸ್ಕೃತಿಗಳ ವಿದ್ಯಾರ್ಥಿಗಳದೂ ಹೌದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿ ಗೋದಾವರಿಗಳ ನಡುವೆ ಕನ್ನಡ ನಾಡನ್ನು ಗುರುತಿಸುವಾಗ ಅದನ್ನು ‘ಜನಪದ’ವೆಂದು ಕರೆಯಿತು. ಆ ಒಂದು ಶಬ್ದದಲ್ಲಿ ನೆಲವೂ ಇದೆ, ಜನವೂ ಇದೆ. ಆಧುನಿಕ ಯೋಜನೆಯಲ್ಲಿ ಇವೆರಡೂ ಹೇಗೆ ಬೇರ್ಪಟ್ಟವು ಎಂಬುದನ್ನು ನವಿ ಮುಂಬಯಿಯ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ತತ್ತ್ವ

ಪ್ರಾದೇಶಿಕ ಯೋಜನೆಯ ಆದ್ಯರಲ್ಲಿ ಒಬ್ಬರಾದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಅವರಿಗೆ ಮುಂಬಯಿಯ ನಿಕಟ ಸಂಬಂಧವಿತ್ತು. 1914ರಲ್ಲಿ ಭಾರತಕ್ಕೆ ಬಂದ ಅವರು ಇಲ್ಲಿನ ಅನೇಕ ಪಟ್ಟಣಗಳನ್ನು ಕುರಿತು ವರದಿಗಳನ್ನು ಬರೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಯೋಜನೆಗೆ ಮುನ್ನ ಸಮೀಕ್ಷೆ ನಡೆಯಬೇಕು ಎಂಬುದು ಅವರ ಮೂಲಸೂತ್ರ. ಸ್ಥಳ, ಕೆಲಸ, ಜನ ಈ ಮೂರರ ಪರಸ್ಪರ ಸಂಬಂಧವನ್ನು ಅರಿಯುವುದೇ ಆ ಸಮೀಕ್ಷೆಯ ತಿರುಳು.

ಮುಂದೆ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರಾಂಸ್ವಾ ಪೆರೂ 1955ರಲ್ಲಿ ‘ಬೆಳವಣಿಗೆಯ ಧ್ರುವ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಬೆಳವಣಿಗೆ ಎಲ್ಲೆಡೆಯೂ ಏಕಕಾಲಕ್ಕೆ ತೋರುವುದಿಲ್ಲ, ಕೆಲವು ಬಿಂದುಗಳಲ್ಲಿ ಮೊದಲು ಮೂಡಿ ಅನಂತರ ಹರಡುತ್ತದೆ ಎಂಬುದು ಅದರ ಸಾರ. ಪೆರೂ ಹೇಳಿದ ಧ್ರುವವು ಉದ್ಯಮಗಳ ನಡುವಣ ಆರ್ಥಿಕ ಸಂಬಂಧಗಳಿಗೆ ಸಂಬಂಧಿಸಿದ್ದು. ಅವರ ತರುವಾಯ ಬಂದವರು ಅದನ್ನು ನಕಾಶೆಯ ಮೇಲಿನ ಚುಕ್ಕೆಯನ್ನಾಗಿ ಮಾಡಿದರು. ಚುಕ್ಕೆಯಿಟ್ಟಲ್ಲಿ ಊರು ಬೆಳೆಯುತ್ತದೆ ಎಂಬ ನಂಬಿಕೆ ಹೀಗೆ ಬೇರೂರಿತು.

2. ಪ್ರಯೋಗ

ಮುಂಬಯಿ ಉತ್ತರ ದಕ್ಷಿಣವಾಗಿ ಚಾಚಿದ ನಗರ. ಕಚೇರಿಗಳು ದಕ್ಷಿಣದ ತುದಿಯಲ್ಲಿ, ವಸತಿಗಳು ಉತ್ತರದ ಉಪನಗರಗಳಲ್ಲಿ. ನಡುವೆ ದಿನನಿತ್ಯದ ರೈಲುಪಯಣ. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಹಾಗೂ ಎಂಜಿನಿಯರ್ ಶಿರೀಷ್ ಪಟೇಲ್ 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಬಂದರಿನ ಆಚೆ, ಪೂರ್ವದ ದಡದಲ್ಲಿ ಹೊಸ ನಗರವನ್ನು ಕಟ್ಟುವುದು. ರಾಜ್ಯ ಸರಕಾರದ ಕಚೇರಿಗಳನ್ನು ಅಲ್ಲಿಗೆ ಸಾಗಿಸಿ ನಗರದ ಸೆಳೆತವನ್ನೇ ತಿರುಗಿಸುವುದು. 1966ರಲ್ಲಿ ಮಹಾರಾಷ್ಟ್ರವು ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯನ್ನು ರಚಿಸಿತು. 1970ರಲ್ಲಿ ಹೊಸ ನಗರದ ನಿರ್ಮಾಣಕ್ಕೆಂದು ಸಿಡ್ಕೋ ಸಂಸ್ಥೆ ಸ್ಥಾಪನೆಯಾಯಿತು. ಸುಮಾರು 344 ಚದರ ಕಿಲೋಮೀಟರ್ ವ್ಯಾಪ್ತಿಯನ್ನು ಅದಕ್ಕೆ ಗೊತ್ತುಪಡಿಸಲಾಯಿತು.

ಆದರೆ ಸೆಳೆತ ತಿರುಗಲಿಲ್ಲ. ಅದೇ ವರ್ಷಗಳಲ್ಲಿ ದಕ್ಷಿಣದ ನರಿಮನ್ ಪಾಯಿಂಟ್‌ನಲ್ಲಿ ಸಮುದ್ರ ತುಂಬಿ ಗಳಿಸಿದ ನೆಲದ ಮೇಲೆ ಕಚೇರಿಗಳ ಗಗನಚುಂಬಿ ಕಟ್ಟಡಗಳು ಎದ್ದವು. 1981ರಲ್ಲಿ ವಿಧಾನ ಭವನದ ಹೊಸ ಕಟ್ಟಡವೂ ಅಲ್ಲಿಯೇ ಉದ್ಘಾಟನೆಗೊಂಡಿತು. ಪ್ರಜೆಗಳು ಆಚೆ ದಡಕ್ಕೆ ಹೋಗಬೇಕೆಂದು ಬಯಸಿದ ಪ್ರಭುತ್ವ ತಾನು ಈಚೆ ದಡದಲ್ಲಿಯೇ ಉಳಿಯಿತು. ವಾಶಿಗೆ ರೈಲು ತಲುಪಿದ್ದು 1992ರಲ್ಲಿ. ಅಲ್ಲಿಯವರೆಗೆ ಹೊಸ ನಗರದ ನಿವಾಸಿಗೆ ಖಾಡಿಯ ಸೇತುವೆಯ ರಸ್ತೆಯೇ ಮುಖ್ಯ ಆಸರೆ. ಇಷ್ಟಾದರೂ ಯೋಜನೆ ನಿಷ್ಫಲವಾಯಿತೆನ್ನಲಾಗದು. ಸಗಟು ಮಾರುಕಟ್ಟೆಗಳು ವಾಶಿಗೆ ಬಂದವು. ಮಧ್ಯಮ ವರ್ಗಕ್ಕೆ ಮನೆಗಳು ದೊರೆತವು. 2011ರ ಜನಗಣತಿಯಂತೆ ನವಿ ಮುಂಬಯಿ ನಗರಪಾಲಿಕೆಯ ಜನಸಂಖ್ಯೆ 11 ಲಕ್ಷವನ್ನು ಮೀರಿತ್ತು. ಆದರೆ 1971ರಲ್ಲಿ ಸುಮಾರು 60 ಲಕ್ಷವಿದ್ದ ಬೃಹನ್ಮುಂಬಯಿಯ ಜನಸಂಖ್ಯೆ ಆ ವೇಳೆಗೆ 124 ಲಕ್ಷಕ್ಕೆ ಏರಿತ್ತು. ಹೊಸ ನಗರ ಬೆಳೆಯಿತು, ಹಳೆಯದರ ಹೊರೆ ಇಳಿಯಲಿಲ್ಲ.

3. ಜನ

ನಕಾಶೆಯಲ್ಲಿ ಬರಿದಾಗಿ ಕಂಡ ಆ ನೆಲದಲ್ಲಿ 95 ಹಳ್ಳಿಗಳಿದ್ದವು. ಆಗ್ರಿ, ಕೋಳಿ ಮೊದಲಾದ ಸಮುದಾಯಗಳು ಭತ್ತದ ಗದ್ದೆ, ಉಪ್ಪಿನಾಗರ, ಮೀನುಗಾರಿಕೆಗಳಿಂದ ಬದುಕಿದ್ದವು. ಭೂಸ್ವಾಧೀನದ ಪರಿಹಾರವನ್ನು ಕುರಿತ ಅಸಮಾಧಾನ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಚಳವಳಿಯಾಯಿತು. 1984ರ ಜನವರಿಯಲ್ಲಿ ಉರಣ ಭಾಗದಲ್ಲಿ ನಡೆದ ಗೋಲೀಬಾರಿನಲ್ಲಿ ಐವರು ಪ್ರಾಣ ತೆತ್ತರು. ಸ್ವಾಧೀನಗೊಂಡ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಒಡೆಯರಿಗೆ ಹಿಂದಿರುಗಿಸುವ ವ್ಯವಸ್ಥೆ ಬಂದುದು ಈ ಹೋರಾಟದ ತರುವಾಯವೇ. ಗೆಡ್ಡೆಸ್ ಸಮೀಕ್ಷೆಯಿಂದ ತಿಳಿಯಬೇಕೆಂದುದನ್ನು ಇಲ್ಲಿ ಪ್ರಾಣ ತೆತ್ತು ತಿಳಿಸಬೇಕಾಯಿತು.

ಈ ಸಂಗತಿ ಮುಂಬಯಿಯ ಕನ್ನಡಿಗರಿಗೂ ಅನ್ಯವಲ್ಲ. ಗಿರಣಿ, ಹೋಟೆಲು, ಕಚೇರಿಗಳ ಕೆಲಸವನ್ನು ನೆಚ್ಚಿ ಬಂದವರು ಅವುಗಳ ಸುತ್ತಲೇ ಸಂಘಗಳನ್ನೂ ರಾತ್ರಿ ಶಾಲೆಗಳನ್ನೂ ಕಟ್ಟಿಕೊಂಡರು. ಕೆಲಸ ಒಂದೆಡೆ, ಮನೆ ಮತ್ತೊಂದೆಡೆ ಆದಾಗ ಸಂಜೆಯ ಬಿಡುವು ರೈಲಿನ ಪಾಲಾಗುತ್ತದೆ. ಆ ಬಿಡುವಿನಲ್ಲಿಯೇ ಬಾಳುವ ಸಂಘ, ಶಾಲೆ, ತಾಳಮದ್ದಳೆಗಳು ಸೊರಗುತ್ತವೆ. ಯೋಜನೆಯ ಕೋಷ್ಟಕದಲ್ಲಿ ಮನೆಗಳ ಸಂಖ್ಯೆಗೆ ಸ್ಥಾನವಿದೆ, ಈ ನಷ್ಟಕ್ಕೆ ಇಲ್ಲ.

ಆದುದರಿಂದ ತತ್ತ್ವ ಮತ್ತು ಪ್ರಯೋಗಗಳ ನಡುವಣ ಅಂತರಕ್ಕೆ ಹಣದ ಕೊರತೆ, ಆಡಳಿತದ ವಿಳಂಬಗಳು ಮಾತ್ರ ಕಾರಣವಲ್ಲ. ಸ್ಥಳವನ್ನು ಕೆಲಸದಿಂದಲೂ ಜನರಿಂದಲೂ ಬಿಡಿಸಿ ನೋಡಿದ ದೃಷ್ಟಿಯೇ ಅದರ ಮೂಲ. ಯಾವ ಬಡಾವಣೆಯಲ್ಲಿ ಎಷ್ಟು ಕನ್ನಡ ಕುಟುಂಬಗಳಿವೆ, ಅವು ಎಲ್ಲಿಂದ ಬಂದವು, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಯಾವ ಮಾತು ಉಳಿದಿದೆ ಎಂಬ ಸಮೀಕ್ಷೆಯನ್ನು ಹೊರನಾಡಿನ ಕನ್ನಡ ವಿಭಾಗಗಳು ಕೈಗೊಳ್ಳುವುದು ಅಗತ್ಯ. ‘ಜನಪದ’ ಶಬ್ದದ ಪೂರ್ಣಾರ್ಥವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ತಕ್ಕ ಕಾರ್ಯಕ್ಷೇತ್ರವಾಗಿದೆ.